ಡಾಂಬರು ಮುಗಿದ ಮೇಲಿನ ದಾರಿ

ಶಿರಸಿಯಿಂದ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಕಡೆ ಡಾಂಬರು ಮುಗಿಯುತ್ತದೆ. ಸಿದ್ದಾಪುರದ ಕಡೆಗಿರಲಿ, ಯಲ್ಲಾಪುರದ ಕಡೆಗಿರಲಿ, ದೇವಿಮನೆ ಘಟ್ಟದ ಕಡೆಗಿರಲಿ, ಮುಖ್ಯ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮೊದಲು ಅಂಚು ಕಿತ್ತ ಟಾರು ಸಿಗುತ್ತದೆ, ಆಮೇಲೆ ಹೊಂಡ ಬಿದ್ದ ಟಾರು, ಆಮೇಲೆ ಬರೀ ಜಲ್ಲಿ. ನಮ್ಮ ಕಡೆ ಮನೆಗಳು ಒತ್ತಾಗಿ ಒಂದೇ ಕಡೆ ಕೂತಿಲ್ಲ. ತೋಟ ಎಲ್ಲಿದೆಯೋ ಮನೆ ಅಲ್ಲಿ, ತೋಟ ಇರುವುದು ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ. ಹಾಗಾಗಿ ಮೂರು ಮನೆಗೆ ಎರಡು ಕಿಲೋಮೀಟರ್ ರಸ್ತೆ ಬೇಕು, ಆ ರಸ್ತೆ ಬೆಟ್ಟ ಹತ್ತಿ, ಕಾಡು ಹಾದು, ಹಳ್ಳ ದಾಟಿ ಹೋಗಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಅರಣ್ಯ. ಅಲ್ಲಿ ಹೊಸದಾಗಿ ರಸ್ತೆ ಮಾಡಬೇಕೆಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು. ಅನುಮತಿ ಬಂದು ಟಾರು ಬಿದ್ದರೂ ಮಳೆ ಅದನ್ನು ಉಳಿಯಗೊಡುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಘಟ್ಟದ ಅಂಚಿನಲ್ಲೂ ಕಡಿಮೆ ಏನಲ್ಲ. ಜಲ್ಲಿ ರಸ್ತೆ ನಮ್ಮಲ್ಲಿ ಇನ್ನೂ ಬಹಳ ಕಾಲ ಇರುತ್ತದೆ. ಇರುವುದರ ಮೇಲೆ ಬೈಕ್ ಓಡಿಸುವುದನ್ನು ಸರಿಯಾಗಿ ಕಲಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಈ ಬರಹ ಅದಕ್ಕಾಗಿಯೇ.

ನಾನು ಕುಮಟೆ ಕಡೆಯವಳು. ಘಟ್ಟದ ಮೇಲೆ, ಅಘನಾಶಿನಿ ಕಣಿವೆಗೆ ಇಳಿಯುವ ದಾರಿಯೊಂದರ ಕೊನೆಯ ಸರ್ಕಾರಿ ಶಾಲೆಯಲ್ಲಿ ಮಾಸ್ತರಿಕೆ. ಬಸ್ಸು ಬರುವುದು ಮುಖ್ಯ ರಸ್ತೆಯ ಕ್ರಾಸಿನವರೆಗೆ. ಅಲ್ಲಿಂದ ಮುಂದೆ ಒಂದಿಷ್ಟು ಟಾರು, ಉಳಿದದ್ದು ಜಲ್ಲಿ ಮತ್ತು ಕೆಂಪು ಮಣ್ಣು. ಮೊದಲು ಸ್ಕೂಟಿ ಇತ್ತು. ಪೇಟೆಗೆ ಅದರಷ್ಟು ಹಿತವಾದ ಗಾಡಿ ಇನ್ನೊಂದಿಲ್ಲ, ಆದರೆ ಅದರ ಹತ್ತಿಂಚಿನ ಚಕ್ರಕ್ಕೆ ಮುಷ್ಟಿಗಾತ್ರದ ಕಲ್ಲೂ ಒಂದು ಮೆಟ್ಟಿಲೇ. ಚಕ್ರ ದೊಡ್ಡದಾದಷ್ಟೂ ಕಲ್ಲನ್ನು ಏರುವ ಓರೆ ಕಡಿಮೆಯಾಗುತ್ತದೆ, ಹೊಂಡಕ್ಕೆ ಬೀಳುವ ಆಳವೂ ಕಡಿಮೆಯಾಗುತ್ತದೆ. ಅದಕ್ಕೇ ಸಂಬಂಧಿಕರ ಹಳೆಯ ಸ್ಪ್ಲೆಂಡರ್ ಕೊಂಡೆ. ಹದಿನೆಂಟು ಇಂಚಿನ ಚಕ್ರ, ನೂರಹತ್ತು ಕೆಜಿಯ ಆಸುಪಾಸು ತೂಕ, ಬಿದ್ದರೆ ನಾನೊಬ್ಬಳೇ ಎತ್ತಬಲ್ಲೆ. ಜಲ್ಲಿಯ ಮೇಲೆ ಓಡಿಸುವುದನ್ನು ಕಲಿತದ್ದು ಆ ಗಾಡಿಯಲ್ಲೇ.

ಕಲಿಯುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು: “ಧೈರ್ಯ ಬೇಕು.” ಅಣ್ಣ ಹೇಳಿದ, ಗ್ಯಾರೇಜಿನವರು ಹೇಳಿದರು, ಸಹೋದ್ಯೋಗಿಗಳು ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಆದರೆ ಈ ಸಲಹೆಯಿಂದ ಆಗುವ ಹಾನಿ ದೊಡ್ಡದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಚಕ್ರ ಯಾಕೆ ಜಾರುತ್ತದೆ ಎಂದು ಗೊತ್ತಿಲ್ಲದವರು ಧೈರ್ಯ ತಂದುಕೊಂಡರೆ ಜಾಸ್ತಿ ವೇಗದಲ್ಲಿ ಜಾರುತ್ತಾರೆ, ಅಷ್ಟೇ. ಕಾರಣ ಗೊತ್ತಾದ ದಿನದಿಂದ ಹೆದರಿಕೆ ಕಡಿಮೆಯಾಗುತ್ತ ಬಂತು, ಧೈರ್ಯದ ಪ್ರಶ್ನೆ ಮತ್ತೆ ಬರಲೇ ಇಲ್ಲ.

ಮೊದಲು ಗೊತ್ತಾಗಬೇಕಾದ್ದು ಕಾಲಡಿ ಇರುವುದು ಏನು ಎಂಬುದು. ಜಲ್ಲಿ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತೇವೆ, ಅದರೊಳಗೆ ಎರಡು ಬೇರೆ ಬೇರೆ ಜಾತಿಗಳಿವೆ. ಒಂದು, ಕ್ರಷರ್‌ನಿಂದ ಬರುವ ಒಡೆದ ಕರಿಕಲ್ಲು. ಅದಕ್ಕೆ ಮೂಲೆಗಳಿರುತ್ತವೆ. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಎರಡು ಶತಮಾನದ ಹಿಂದೆ ರಸ್ತೆ ಮಾಡುವ ವಿಧಾನವನ್ನೇ ಬದಲಿಸಿದ್ದು ಈ ಮೂಲೆಗಳನ್ನು ನಂಬಿ: ಚಿಕ್ಕದಾಗಿ ಒಡೆದ, ಚೂಪು ಅಂಚಿನ ಕಲ್ಲುಗಳನ್ನು ಹರಡಿದರೆ ಮೇಲೆ ಓಡಾಡುವ ಗಾಡಿಗಳ ಭಾರಕ್ಕೇ ಅವು ಒಂದರೊಳಗೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ನಮ್ಮ ಹಳ್ಳಿ ರಸ್ತೆಗಳ ಬುಡದಲ್ಲಿ ಇಂದಿಗೂ ಇರುವುದು ಅದೇ ಲೆಕ್ಕ. ದಪ್ಪ ಜಲ್ಲಿ ಹಾಸಿ, ರೋಲರ್ ಹೊಡೆದು, ಸಂದಿಗೆ ಸಣ್ಣ ಜಲ್ಲಿ ಮತ್ತು ಗೊಚ್ಚು ಮಣ್ಣು ತುಂಬಿ, ನೀರು ಹಾಕಿ ಮತ್ತೆ ರೋಲರ್. ಹೀಗೆ ಕೂತ ಜಲ್ಲಿಯ ಮೇಲೆ ಗಾಡಿ ಓಡಿಸುವುದು ಅಂಥ ಕಷ್ಟವಲ್ಲ, ಕುಲುಕುತ್ತದೆ, ಆದರೆ ಹಿಡಿಯುತ್ತದೆ. ಕಷ್ಟವಾಗುವುದು ರೋಲರ್ ಹೊಡೆಯದೆ ಬಿಟ್ಟ ಹೊಸ ಜಲ್ಲಿ, ಮತ್ತು ಟಾರು ಕಿತ್ತು ಚದುರಿ ಬಿದ್ದ ಸಣ್ಣ ಜಲ್ಲಿ.

ಇನ್ನೊಂದು ಜಾತಿ ನಮ್ಮ ನೆಲದ್ದೇ. ಚಿರೆಕಲ್ಲು, ಜಂಬಿಟ್ಟಿಗೆ. ಈ ಕಲ್ಲನ್ನು ಮೊದಲಿಗೆ ವಿವರಿಸಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ನಮ್ಮ ಜಿಲ್ಲೆಯನ್ನೂ ಹಾದುಹೋದವನು. ಗೋಕರ್ಣ, ಅಂಕೋಲೆ, ಸೋಂದಾ, ಶಿರಸಿ ಎಲ್ಲವೂ ಅವನ ದಾರಿಯಲ್ಲಿದ್ದವು. ಮಣ್ಣೊಳಗೆ ಇರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು ಅದು. ಕಬ್ಬಿಣದ ಅಂಶದಿಂದ ಕೆಂಪು ಬಣ್ಣ. ಮಳೆ ಅದರ ಮೆತ್ತನೆಯ ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಕಬ್ಬಿಣ ಗಟ್ಟಿಕಟ್ಟಿದ ಸಣ್ಣ ಸಣ್ಣ ಉಂಡೆಗಳನ್ನು ರಸ್ತೆಯ ಮೇಲೆ ಬಿಟ್ಟು ಹೋಗುತ್ತದೆ. ಈ ಉಂಡೆಗಳಿಗೆ ಮೂಲೆಯೇ ಇಲ್ಲ. ಕೆಳಗೆ ಸಿಮೆಂಟಿನಷ್ಟು ಗಟ್ಟಿ ನೆಲ, ಮೇಲೆ ಉರುಳುವ ಕಲ್ಲು: ಅಂಗಳದಲ್ಲಿ ಒಣಹಾಕಿದ ಗೋಟಡಿಕೆಯ ಮೇಲೆ ಕಾಲಿಟ್ಟರೆ ಹೇಗೋ ಹಾಗೆ. ಹೊನ್ನಾವರ, ಭಟ್ಕಳದ ಚಿರೆಕಲ್ಲು ಕ್ವಾರಿಗಳಿಗೆ ಹೋಗುವ ದಾರಿಯಲ್ಲಿ ಇದು ಧಾರಾಳ. ಗುಡ್ಡದ ನೆತ್ತಿಯ ಬೋಳು ಬಯಲಿನಲ್ಲೂ ಅಷ್ಟೇ. ದೂರದಿಂದ ನೋಡಿದರೆ ನುಣ್ಣಗೆ, ಒಳ್ಳೆಯ ರಸ್ತೆಯಂತೆ ಕಾಣುತ್ತದೆ. ಕರಿಜಲ್ಲಿ ದೂರದಿಂದ ಹೆದರಿಸುತ್ತದೆ, ಹತ್ತಿರ ಹೋದರೆ ಹಿಡಿದುಕೊಳ್ಳುತ್ತದೆ. ಚಿರೆಕಲ್ಲಿನ ಉಂಡೆಯದು ಇದಕ್ಕೆ ತಿರುಗಾಮುರುಗಾ. ಇಷ್ಟು ಗೊತ್ತಾದ ಮೇಲೆ ನನ್ನ ಕಣ್ಣು ರಸ್ತೆಯ ಬಣ್ಣ ನೋಡಲು ಶುರುಮಾಡಿತು. ಬೂದು ಬಣ್ಣ ಬಂದರೆ ನಿರಾಳ, ಕಡುಕೆಂಪಿನ ಮೇಲೆ ಹೊಳೆಯುವ ಕಾಳುಗಳು ಕಂಡರೆ ನಾಲ್ಕು ಮಾರು ಮೊದಲೇ ವೇಗ ಇಳಿಸುವುದು.

ನಮ್ಮ ಶಾಲೆಯ ದಾರಿಯಲ್ಲೇ ದಿನಾ ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವವರೊಬ್ಬರಿದ್ದಾರೆ. ಮಕ್ಕಳೆಲ್ಲ ಡೇರಿ ಅಣ್ಣ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಸೀಟಿನ ಎರಡೂ ಬದಿಗೆ ಹಾಲಿನ ಕ್ಯಾನು, ಕೆಲವೊಮ್ಮೆ ಬರುವಾಗ ಹಿಂಡಿ ಚೀಲ. ಅವರ ಹಿಂದೆ ಹಿಂದೆ ಹೋಗುತ್ತಾ ನಾನು ಗಮನಿಸಿದ್ದು ಅವರ ಮೊಣಕೈ. ಕಲ್ಲು ಸಿಕ್ಕಿದಾಗ ಮುಂದಿನ ಚಕ್ರ ಎಡಕ್ಕೆ ಹಾರುತ್ತದೆ, ಬಲಕ್ಕೆ ಬರುತ್ತದೆ, ಹ್ಯಾಂಡಲ್ ಒಂದೇ ಸಮನೆ ಅಲ್ಲಾಡುತ್ತಿರುತ್ತದೆ. ಮೊಣಕೈ ಹೊರಕ್ಕೆ ಬಾಗಿ ಆ ಅಲುಗಾಟವನ್ನೆಲ್ಲ ತಾನೇ ನುಂಗುತ್ತದೆ. ಹೆಗಲು ಅಲ್ಲಾಡುವುದಿಲ್ಲ, ತಲೆಯಂತೂ ಅಲ್ಲಾಡುವುದೇ ಇಲ್ಲ. ಬೆರಳು ಹಿಡಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಒಂದು ದಿನ ಕ್ರಾಸಿನ ಹತ್ತಿರ ಚಹಾದಂಗಡಿ ಎದುರು ಕೇಳಿಯೇಬಿಟ್ಟೆ, ಇದು ಹೇಗೆ ಎಂದು. ಅವರು ನನ್ನ ಅಂಗೈ ನೋಡಿ, ಅಲ್ಲಿ ಎದ್ದಿದ್ದ ಬೊಕ್ಕೆ ನೋಡಿ ಹೇಳಿದರು:

“ಅಕ್ಕೋರೆ, ನೀವು ಹ್ಯಾಂಡಲ್ ಹಿಡಕಂಡು ನೇತಾಡ್ತೀರಿ. ಅದನ್ನ ಅದರ ಪಾಡಿಗೆ ಬಿಡಿ. ಸೊಂಟದಿಂದ ಕೆಳಗೆ ಗಟ್ಟಿ ಇರಲಿ, ಮೇಲೆ ಸಡಿಲ ಇರಲಿ.”

ಈ ಮಾತಿನ ಹಿಂದೆ ಗಟ್ಟಿಯಾದ ಲೆಕ್ಕವಿದೆ. ಬೈಕಿನ ಮುಂದಿನ ಫೋರ್ಕ್ ನೆಟ್ಟಗೆ ಇಳಿದಿಲ್ಲ, ಮುಂದಕ್ಕೆ ಓರೆಯಾಗಿದೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ಹಾಗೇ ನೆಲದವರೆಗೆ ಎಳೆದರೆ ಅದು ಮುಟ್ಟುವ ಜಾಗ ಟೈರು ನೆಲ ಮುಟ್ಟುವ ಜಾಗಕ್ಕಿಂತ ಕೆಲವು ಇಂಚು ಮುಂದಿರುತ್ತದೆ. ಅಂದರೆ ಟೈರು ಯಾವಾಗಲೂ ಆ ಅಕ್ಷದ ಹಿಂದೆ ಎಳೆದುಕೊಂಡು ಬರುತ್ತಿರುತ್ತದೆ. ಕಲ್ಲು ತಾಗಿ ಚಕ್ರ ಪಕ್ಕಕ್ಕೆ ತಿರುಗಿತು ಎನ್ನಿ, ನೆಲದ ಎಳೆತವೇ ಅದನ್ನು ಮತ್ತೆ ನೇರಕ್ಕೆ ತರುತ್ತದೆ. ಗಾಡಿ ಓಡುತ್ತಿರುವವರೆಗೆ ಈ ಕೆಲಸ ತನ್ನಿಂದ ತಾನೇ ನಡೆಯುತ್ತಿರುತ್ತದೆ. ನಾವು ಹೆದರಿ ಹ್ಯಾಂಡಲ್ ಬಿಗಿಹಿಡಿದಾಗ ಅದು ನಿಲ್ಲುತ್ತದೆ. ಕಲ್ಲಿನ ಹೊಡೆತ ಕೈಗೆ ಬಂತು, ಕೈಯಿಂದ ಹೆಗಲಿಗೆ, ಹೆಗಲಿನಿಂದ ಇಡೀ ಮೈಗೆ. ಮೈ ಅಲುಗಿದ್ದು ತಿರುಗಿ ಕೈಗೆ ಬಂದು ಹ್ಯಾಂಡಲನ್ನು ಇನ್ನಷ್ಟು ಅಲುಗಿಸಿತು. ಗಾಡಿ ಓಲಾಡುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ, ಓಲಾಡಿಸುತ್ತಿರುವುದು ನಮ್ಮ ಕೈ.

ಓದಿದಾಗ ತಲೆಗೆ ಹೋಗುವುದು ಸುಲಭ, ಕೈಗೆ ಹೋಗಲು ತಿಂಗಳುಗಳು ಬೇಕು. ನನಗೆ ನೆರವಾದದ್ದು ಮೊಣಕಾಲು. ಎರಡೂ ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ ಮೈಗೆ ಆಧಾರ ಅಲ್ಲಿ ಸಿಗುತ್ತದೆ, ಆಗ ಕೈಗೆ ಹಿಡಿದುಕೊಳ್ಳುವ ಕೆಲಸವೇ ಉಳಿಯುವುದಿಲ್ಲ. ಜೊತೆಗೆ ಒಂದು ಪರೀಕ್ಷೆ: ಓಡಿಸುತ್ತಿರುವಾಗಲೇ ಹಿಡಿಯ ಮೇಲೆ ಬೆರಳುಗಳನ್ನು ಪಿಯಾನೋ ಬಾರಿಸಿದಂತೆ ಎತ್ತಿ ಇಳಿಸಿ ನೋಡುವುದು. ಬೆರಳು ಏಳದಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ. ಹಾಡು ಗುನುಗುವುದೂ ಕೆಲಸ ಮಾಡುತ್ತದೆ, ಉಸಿರು ಬಿಗಿಹಿಡಿದವರಿಗೆ ಹಾಡಲಾಗುವುದಿಲ್ಲ.

ಮತ್ತೆ ತೀರಾ ನಿಧಾನ ಹೋದರೆ ಕ್ಷೇಮ ಎಂಬ ಎಣಿಕೆಯೂ ಜಲ್ಲಿಯಲ್ಲಿ ಸರಿಯಲ್ಲ. ನಡೆಯುವ ವೇಗಕ್ಕೆ ಇಳಿದರೆ ಚಕ್ರ ತನ್ನಷ್ಟಕ್ಕೆ ನೇರವಾಗುವ ಶಕ್ತಿ ಕಳೆದುಕೊಳ್ಳುತ್ತದೆ, ಪ್ರತಿ ಕಲ್ಲಿಗೂ ನಾವೇ ಹ್ಯಾಂಡಲ್ ತಿರುಗಿಸಿ ಕಾಪಾಡಿಕೊಳ್ಳಬೇಕಾಗುತ್ತದೆ. ನೇರ ದಾರಿಯಲ್ಲಿ ಎರಡನೇ ಗೇರಿನಲ್ಲಿ, ಇಪ್ಪತ್ತು ಇಪ್ಪತ್ತೈದರ ವೇಗದಲ್ಲಿ, ಎಕ್ಸಿಲರೇಟರ್ ಒಂದೇ ಹದದಲ್ಲಿ ಇಟ್ಟು ಹೋದಾಗ ಗಾಡಿ ಎಷ್ಟು ಶಾಂತವಾಗಿ ಹೋಗುತ್ತದೆ ಎಂದು ನೋಡಿದ ದಿನ ನನಗೆ ನಿಜಕ್ಕೂ ಸಂತೋಷವಾಯಿತು.

ಎದ್ದು ನಿಂತು ಓಡಿಸುವುದರ ಬಗ್ಗೆ ಒಂದು ಮಾತು. ನಿಂತರೆ ಭಾರ ಕೆಳಗಿಳಿಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಮೈ ಮೇಲಕ್ಕೆದ್ದಾಗ ಭಾರ ಕೆಳಗೆ ಹೋಗುವುದು ಹೇಗೆ? ಆಗುವ ಉಪಕಾರ ಬೇರೆ. ಕೂತಾಗ ನಾವೂ ಗಾಡಿಯೂ ಒಂದೇ ಗಟ್ಟಿ. ಗಾಡಿ ಹೊರಳಿದರೆ ನಾವೂ ಹೊರಳಬೇಕು. ನಿಂತಾಗ ಮಂಡಿಯೂ ಹಿಮ್ಮಡಿಯೂ ನಡುವೆ ಬರುತ್ತವೆ. ಗಾಡಿ ಕೆಳಗೆ ತನ್ನಿಷ್ಟದಂತೆ ಕುಣಿಯುತ್ತದೆ, ಮೈ ಮೇಲೆ ನೇರ ಹೋಗುತ್ತದೆ. ಜೊತೆಗೆ ಎತ್ತರದಿಂದ ಮುಂದಿನ ರಸ್ತೆ ಚೆನ್ನಾಗಿ ಕಾಣುತ್ತದೆ. ಸ್ಪ್ಲೆಂಡರ್‌ನಂಥ ಗಾಡಿಯ ಫುಟ್‌ರೆಸ್ಟ್ ಮುಂದಕ್ಕಿದೆ, ಹ್ಯಾಂಡಲ್ ತಗ್ಗಿನಲ್ಲಿದೆ, ಪೂರ್ತಿ ನಿಂತರೆ ಬೆನ್ನು ಬಾಗಿ ಕೈಮೇಲೆ ಭಾರ ಬೀಳುತ್ತದೆ. ಅದಕ್ಕೆ ನಾನು ಪೂರ್ತಿ ನಿಲ್ಲುವುದಿಲ್ಲ. ಹೊಂಡ, ಮೋರಿಯ ಏಣು, ದಪ್ಪ ಕಲ್ಲು ಬಂದಾಗ ಸೀಟಿನಿಂದ ಒಂದು ಗೇಣು ಏಳುತ್ತೇನೆ, ಭಾರವನ್ನೆಲ್ಲ ಅಂಗಾಲಿಗೆ ಬಿಡುತ್ತೇನೆ. ಅಷ್ಟೇ ಸಾಕು.

ಬ್ರೇಕಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಜಲ್ಲಿಯಲ್ಲಿ ಬಿದ್ದವರನ್ನು ಕೇಳಿದರೆ ಹತ್ತರಲ್ಲಿ ಏಳೆಂಟು ಜನ “ಬ್ರೇಕ್ ಹಾಕಿದೆ, ಗಾಡಿ ಎಲ್ಲಿ ಹೋಯಿತೋ ಗೊತ್ತಿಲ್ಲ” ಎನ್ನುತ್ತಾರೆ. ಚಕ್ರ ಉರುಳುತ್ತಿರುವವರೆಗೆ ಮಾತ್ರ ಅದಕ್ಕೆ ದಿಕ್ಕು. ಬ್ರೇಕ್ ಬಲವಾಗಿ ಬಿದ್ದು ಚಕ್ರ ನಿಂತುಹೋಯಿತೋ, ಆಗ ಅದು ಹ್ಯಾಂಡಲ್ ತಿರುಗಿಸಿದ ಕಡೆ ಹೋಗದೆ ಜಾರಿದ ಕಡೆ ಹೋಗುತ್ತದೆ. ಹಿಂದಿನ ಚಕ್ರ ನಿಂತು ಜಾರಿದರೆ ಬಾಲ ಬೀಸುತ್ತದೆ, ಸಮಯ ಸಿಗುತ್ತದೆ, ಪೆಡಲ್ ಸಡಿಲಿಸಿದರೆ ಗಾಡಿ ಮತ್ತೆ ಸಾಲಿಗೆ ಬರುತ್ತದೆ. ಮುಂದಿನ ಚಕ್ರ ನಿಂತು ಜಾರಿದರೆ ಯೋಚನೆ ಮಾಡುವಷ್ಟೂ ಸಮಯ ಇಲ್ಲ. ಹಾಗೆಂದು ಮುಂದಿನ ಬ್ರೇಕ್ ಮುಟ್ಟಲೇಬೇಡಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ವೇಗ ಇಳಿಯುವಾಗ ಭಾರ ಮುಂದಕ್ಕೆ ಬರುತ್ತದೆ, ಗಾಡಿ ನಿಲ್ಲಿಸುವ ಶಕ್ತಿ ಮುಂದಿನ ಚಕ್ರದಲ್ಲೇ ಹೆಚ್ಚು. ಅದನ್ನು ಬಿಟ್ಟರೆ ನಿಲ್ಲುವ ದೂರ ಬಹಳ ಉದ್ದವಾಗುತ್ತದೆ. ಒಂದು ಬೆರಳಿನಿಂದ, ಚಕ್ರ ನೆಟ್ಟಗಿರುವಾಗ, ಹಿಂಡಿದ ಹಾಗೆ ನಿಧಾನವಾಗಿ ಹಾಕಬೇಕು. ಗಾಡಿ ವಾಲಿರುವಾಗ, ಹ್ಯಾಂಡಲ್ ತಿರುಗಿರುವಾಗ ಮಾತ್ರ ಮುಟ್ಟಬಾರದು.

ದೂರದ ಲೆಕ್ಕವನ್ನು ಏಳನೇ ತರಗತಿ ಮಕ್ಕಳಿಗೆ ನಾನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹನ್ನೊಂದು ಮೀಟರ್. ದನ ಅಡ್ಡ ಬಂದದ್ದು ಕಂಡು ಕೈಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ಒಂದು ಸೆಕೆಂಡ್ ಕಳೆದರೆ ಹನ್ನೊಂದು ಮೀಟರ್ ಆಗಲೇ ಹೋಯಿತು. ಒಣ ಟಾರಿನಲ್ಲಿ ಅಲ್ಲಿಂದ ನಿಲ್ಲಲು ಒಂಬತ್ತು ಹತ್ತು ಮೀಟರ್ ಬೇಕು. ಸಡಿಲ ಜಲ್ಲಿಯಲ್ಲಿ ಟೈರಿನ ಹಿಡಿತ ಅರ್ಧಕ್ಕೆ ಇಳಿಯಿತು ಎಂದಿಟ್ಟುಕೊಂಡರೆ ಆ ದೂರ ಎರಡು ಪಟ್ಟು. ವೇಗವನ್ನೇ ಅರ್ಧಕ್ಕೆ, 20ಕ್ಕೆ ಇಳಿಸಿದರೆ ಬ್ರೇಕಿನ ದೂರ ನಾಲ್ಕರಲ್ಲೊಂದು ಪಾಲಾಗುತ್ತದೆ. ಮಕ್ಕಳು ಮನೆಗೆ ಹೋಗಿ ಅಪ್ಪಂದಿರಿಗೆ ಇದನ್ನು ಹೇಳಿದರು ಎಂದು ಆಮೇಲೆ ಗೊತ್ತಾಯಿತು.

ಬ್ರೇಕ್ ಅಭ್ಯಾಸ ಮಾಡಿದ್ದು ಶಾಲೆಯ ಮೈದಾನದಲ್ಲಿ, ಭಾನುವಾರ. ಒಂದು ಮೂಲೆಯಲ್ಲಿ ಕಟ್ಟಡದ ಕೆಲಸಕ್ಕೆ ತಂದು ಉಳಿದ ಜಲ್ಲಿ ಹರಡಿತ್ತು. ಎರಡನೇ ಗೇರಿನಲ್ಲಿ ಬಂದು ಹಿಂದಿನ ಬ್ರೇಕನ್ನು ಬೇಕೆಂದೇ ಒತ್ತಿ ಚಕ್ರ ನಿಲ್ಲಿಸುವುದು, ಜಾರುವುದು ಹೇಗಿರುತ್ತದೆ ಎಂದು ಸೊಂಟದಲ್ಲಿ ಗಮನಿಸುವುದು, ಬಿಡುವುದು. ಮತ್ತೆ ಮಾಡುವುದು. ಒತ್ತಿದಾಗ ಮೊದಲು ಬರುವುದು ಸದ್ದು: ಟೈರು ಉರುಳುವ ಕರಕರ ಸದ್ದು ನಿಂತು ಉದ್ದನೆಯ ಸರ್‍ರ್ ಎಂಬ ಸದ್ದು. ಆಮೇಲೆ ಸೀಟು ಒಂದು ಬದಿಗೆ ಸರಿದ ಹಾಗೆ ಅನ್ನಿಸುತ್ತದೆ. ಬಿಟ್ಟ ತಕ್ಷಣ ಕರಕರ ಮತ್ತೆ ಬರುತ್ತದೆ, ಸೀಟು ನಡುವಿಗೆ ಬರುತ್ತದೆ. ಬಹಳ ಸಲ ಹೀಗೆ ಮಾಡಿದ ಮೇಲೆ ಜಾರುವುದು ಎಂದರೆ ಬೀಳುವುದು ಎಂಬ ಎಣಿಕೆ ಮೈಯಿಂದ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಕಲಿಕೆಯ ತಿರುವು ಇದೇ. ಹೆದ್ದಾರಿಯಲ್ಲೋ ಘಟ್ಟದಲ್ಲೋ ಅಕಸ್ಮಾತ್ ಜಾರಿ ಅದನ್ನು ಮೊದಲ ಬಾರಿ ಕಾಣುವ ಬದಲು, ನಾವೇ ಆರಿಸಿಕೊಂಡ ಜಾಗದಲ್ಲಿ, ನಾವೇ ಆರಿಸಿಕೊಂಡ ವೇಗದಲ್ಲಿ ಅದನ್ನು ಕಂಡು ಪರಿಚಯ ಮಾಡಿಕೊಳ್ಳುವುದು.

ಹೊಸ ಗಾಡಿ ಇರುವವರು ಒಂದು ವಿಷಯ ತಿಳಿದಿರಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕನ್ನು ಜೋಡಿಸಿದ ಸಿಬಿಎಸ್ ಆದರೂ ಇರಬೇಕು ಎಂಬ ನಿಯಮ ಬಂತು. ಸಿಬಿಎಸ್ ಇರುವ ಗಾಡಿಯಲ್ಲಿ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಬೀಳುತ್ತದೆ. ನನ್ನ ಹಳೆಯ ಗಾಡಿಯಲ್ಲಿ ಅದಿಲ್ಲ, ಹಾಗಾಗಿ ನಾನು ಮೇಲೆ ಹೇಳಿದ ಅಭ್ಯಾಸವನ್ನು ಅಂಥ ಗಾಡಿಯಲ್ಲಿ ಮಾಡುವವರು ತೀರಾ ಕಡಿಮೆ ವೇಗದಿಂದ ಶುರುಮಾಡಬೇಕು. ಎಬಿಎಸ್ ಚಕ್ರ ನಿಲ್ಲದಂತೆ ಕಾಯುತ್ತದೆ, ಟಾರಿನ ಮೇಲೆ ಅದು ಜೀವ ಉಳಿಸುವ ವಸ್ತು. ಸಡಿಲ ಜಲ್ಲಿಯಲ್ಲಿ ಮಾತ್ರ ಅದರಿಂದ ನಿಲ್ಲುವ ದೂರ ಹೆಚ್ಚಾಗಬಹುದು. ನಿಂತ ಚಕ್ರ ತನ್ನ ಮುಂದೆ ಜಲ್ಲಿಯನ್ನು ಗುಪ್ಪೆ ಮಾಡಿಕೊಂಡು ಆ ಗುಪ್ಪೆಯ ಆಸರೆಯಿಂದ ವೇಗ ಕಳೆದುಕೊಳ್ಳುತ್ತದೆ, ಎಬಿಎಸ್ ಚಕ್ರವನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಆ ಗುಪ್ಪೆ ಕಟ್ಟುವುದಿಲ್ಲ. ಇದೇ ಕಾರಣಕ್ಕೆ ಹಿಮಾಲಯನ್‌ನಂಥ ಗಾಡಿಗಳಲ್ಲಿ ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡುವ ಗುಂಡಿ ಕೊಟ್ಟಿರುತ್ತಾರೆ.

ಇಳಿಜಾರು. ಶಾಲೆಗೆ ಹೋಗುವಾಗ ನನಗೆ ಇಳಿಜಾರು, ಬರುವಾಗ ಏರು. ಇಳಿಯುವಾಗ ಕ್ಲಚ್ ಹಿಡಿಯುವುದು, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವುದು ನಮ್ಮ ಕಡೆಯ ಹಳೆಯ ಚಾಳಿ. ದಯವಿಟ್ಟು ಬಿಡಿ. ಮೊದಲನೆಯದೋ ಎರಡನೆಯದೋ ಗೇರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಹಿಡಿದು ಇಳಿಸುತ್ತದೆ, ಆ ಹಿಡಿತ ಹಿಂದಿನ ಚಕ್ರಕ್ಕೆ ಮಾತ್ರ ಹೋಗುತ್ತದೆ, ಚಕ್ರ ನಿಲ್ಲದೆ ಉರುಳುತ್ತಲೇ ಇರುತ್ತದೆ. ಗೇರ್ ಇಳಿಸುವುದನ್ನು ಇಳಿಜಾರು ಶುರುವಾಗುವ ಮೊದಲೇ ಮುಗಿಸಬೇಕು, ನಡುವೆ ಇಳಿಸಿ ಕ್ಲಚ್ ತಟ್ಟನೆ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಏರಿನಲ್ಲೂ ಹಾಗೇ, ಗೇರ್ ಬುಡದಲ್ಲೇ ಆರಿಸಿಕೊಂಡು ಒಂದೇ ಹದದಲ್ಲಿ ಏರಬೇಕು. ನಡುವೆ ನಿಲ್ಲಬೇಕಾಗಿ ಬಂದರೆ ಹಿಂದಿನ ಬ್ರೇಕಿನಲ್ಲಿ ನಿಲ್ಲಬೇಕು. ಏರಿನಲ್ಲಿ ಭಾರ ಹಿಂದಿರುತ್ತದೆ, ಮುಂದಿನ ಬ್ರೇಕ್ ಹಿಡಿದರೆ ಹಗುರಾದ ಮುಂದಿನ ಚಕ್ರ ನಿಂತಲ್ಲಿಂದಲೇ ಹಿಂದಕ್ಕೆ ಜಾರುತ್ತದೆ. ಬಲಗಾಲು ಪೆಡಲ್ ಮೇಲೆ, ಎಡಗಾಲು ನೆಲಕ್ಕೆ. ನನ್ನಂತೆ ಎತ್ತರ ಕಡಿಮೆ ಇರುವವರಿಗೆ ಆ ಎಡಗಾಲಿನ ಜಾಗವೇ ದೊಡ್ಡ ಚಿಂತೆ. ಮಳೆನೀರು ಕೊರೆದ ರಸ್ತೆ ಒಂದು ಬದಿಗೆ ತಗ್ಗಿರುತ್ತದೆ, ತಗ್ಗಿನ ಕಡೆ ಕಾಲು ಚಾಚಿದರೆ ನೆಲ ಸಿಗುವುದೇ ಇಲ್ಲ, ಗಾಡಿ ಮೈಮೇಲೆ ಬರುತ್ತದೆ. ನಿಲ್ಲುವ ಮೊದಲೇ ಎತ್ತರದ ಬದಿ ಯಾವುದು ಎಂದು ನೋಡಿಟ್ಟುಕೊಳ್ಳುವುದು ಈಗ ಅಭ್ಯಾಸವಾಗಿದೆ.

ಜಲ್ಲಿ ರಸ್ತೆಯಲ್ಲಿ ಜೀಪು, ಟಿಪ್ಪರ್ ಓಡಾಡಿದ ಎರಡು ಗೆರೆ ಇರುತ್ತದೆ, ನಡುವೆ ಸಡಿಲ ಕಲ್ಲಿನ ದಿಬ್ಬ. ಗೆರೆಯಲ್ಲಿ ಹೋಗುವುದು ಸುಖ. ತಿರುವಿನಲ್ಲಿ ಎದುರಿಗೆ ಜೀಪು ಬಂದರೆ ಎಡದ ಗೆರೆಗೆ ದಾಟಬೇಕು. ದಿಬ್ಬದ ಪಕ್ಕದಲ್ಲೇ ಸವರಿಕೊಂಡು ದಾಟಲು ನೋಡಿದರೆ ಮುಂದಿನ ಚಕ್ರ ಆ ಕಲ್ಲಿನ ಸಾಲಿಗೆ ಸಿಕ್ಕಿಕೊಂಡು ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಅಡ್ಡಲಾಗಿ, ಸೀಟಿನಿಂದ ಎದ್ದು, ಎಕ್ಸಿಲರೇಟರ್ ಬಿಡದೆ ದಾಟಿದರೆ ಒಂದೇ ಸಲಕ್ಕೆ ಮುಗಿಯಿತು. ಇನ್ನೂ ಉತ್ತಮ, ಕಾಣದ ತಿರುವಿಗೆ ಮೊದಲೇ ಎಡದ ಗೆರೆಯಲ್ಲಿರುವುದು ಮತ್ತು ಹಾರ್ನ್ ಹಾಕುವುದು. ತಿರುವಿನಲ್ಲಿ ಮೈಯನ್ನು ಒಳಕ್ಕೆ ಬಾಗಿಸುವುದು ಟಾರಿನ ಪಾಠ. ಜಲ್ಲಿಯಲ್ಲಿ ಗಾಡಿಯನ್ನು ಮಾತ್ರ ವಾಲಿಸಿ ಮೈಯನ್ನು ನೆಟ್ಟಗೆ ಬಿಡಬೇಕು, ಹೊರಬದಿಯ ಫುಟ್‌ರೆಸ್ಟನ್ನು ತುಳಿದಿಟ್ಟುಕೊಳ್ಳಬೇಕು. ಆಗ ಭಾರ ಟೈರನ್ನು ನೆಲಕ್ಕೆ ಒತ್ತುತ್ತದೆ.

ನಮ್ಮ ರಸ್ತೆ ವರ್ಷಕ್ಕೆ ಐದು ಸಲ ಬೇರೆಯಾಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಪಾದ ಮುಳುಗುವ ಕೆಂಪು ಹುಡಿ, ಅದರೊಳಗೆ ಕಲ್ಲು ಅಡಗಿರುತ್ತದೆ, ಮುಂದೆ ಟಿಪ್ಪರ್ ಹೋದರೆ ಏನೂ ಕಾಣುವುದಿಲ್ಲ. ಅಂಥಾಗ ಹಿಂದೆ ಓಡಬಾರದು, ಗಾಡಿ ನಿಲ್ಲಿಸಿ ಧೂಳು ಕೂರಲು ಬಿಡಬೇಕು. ಜೂನ್ ಮೊದಲ ಮಳೆಗೆ ಆ ಹುಡಿಯೆಲ್ಲ ಅರಲಾಗಿ ಸಾಬೂನಿನ ನೊರೆ ಹಚ್ಚಿಟ್ಟ ಹಾಗಾಗುತ್ತದೆ, ವರ್ಷದಲ್ಲಿ ಅತಿ ಕೆಟ್ಟ ವಾರ ಅದು. ಜುಲೈ ಹೊತ್ತಿಗೆ ಮಳೆ ಮಣ್ಣನ್ನು ತೊಳೆದು ಕಲ್ಲನ್ನು ಬಿಡಿಸಿಟ್ಟಿರುತ್ತದೆ, ಹಿಡಿತ ಎಷ್ಟೋ ವಾಸಿ. ಆಗ ಅಪಾಯ ಇರುವುದು ಕಾಂಕ್ರೀಟ್ ಹಾಕಿದ ಏರಿನಲ್ಲಿ. ಮರದ ನೆರಳಿನ ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟಿದರೆ ಅದರಷ್ಟು ಜಾರುವ ನೆಲ ಜಲ್ಲಿಯಲ್ಲಿ ಎಲ್ಲೂ ಇಲ್ಲ. ಅಕ್ಟೋಬರ್‌ನಲ್ಲಿ ಮಳೆ ಕೊರೆದ ಉದ್ದುದ್ದ ಕಾಲುವೆಗಳು ಗಟ್ಟಿಯಾಗಿ ಉಳಿಯುತ್ತವೆ. ಡಿಸೆಂಬರ್, ಜನವರಿ ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಕಾಲ. ಬೆಳಗಿನ ಇಬ್ಬನಿಗೆ ಮಣ್ಣು ಒಂಚೂರು ಒದ್ದೆಯಾಗಿ ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ.

ಗಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈರಿನ ಗಾಳಿ ಎರಡು ಮೂರು ಪಿಎಸ್‌ಐ ಕಡಿಮೆ ಇಟ್ಟರೆ ಹಿಡಿತ ಹೆಚ್ಚುತ್ತದೆ, ಅದಕ್ಕಿಂತ ಇಳಿಸಿದರೆ ಕಲ್ಲಿಗೆ ತಾಗಿದಾಗ ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ ಎರಡು ತೂತಾಗುತ್ತದೆ. ಸವೆದ ಟೈರ್ ಬದಲಿಸಿ, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ ಹಾಕಿ, ಶಾಲೆ ಹತ್ತಿರವೇ ಎಂದು ಹೆಲ್ಮೆಟ್ ಬಿಟ್ಟು ಹೊರಡಬೇಡಿ.

ನನಗೆ ನಿಜವಾಗಿ ಸಂಕಟವಾಗುವುದು ಹಿಂದೆ ಕೂರುವವರ ವಿಷಯದಲ್ಲಿ. ನಮ್ಮ ಕಡೆ ಹೆಂಗಸರು ಸೀರೆಯುಟ್ಟು ಎಡಕ್ಕೆ ಎರಡೂ ಕಾಲು ಇಳಿಬಿಟ್ಟು ಕೂರುತ್ತಾರೆ, ಮಡಿಲಲ್ಲಿ ಮಗು, ಕೈಯಲ್ಲಿ ಚೀಲ. ಹಾಗೆ ಕೂತವರ ಭಾರ ನಡುಗೆರೆಯಿಂದ ಎಡಕ್ಕೆ ಸರಿದಿರುತ್ತದೆ, ಅವರಿಗೆ ಮೊಣಕಾಲಿನಿಂದ ಹಿಡಿದುಕೊಳ್ಳಲು ಏನೂ ಇಲ್ಲ. ಮುಂದೆ ಕೂತವರು ಹೊಂಡ ಕಂಡು ಸೀಟಿನಿಂದ ಏಳಬಹುದು, ಹಿಂದಿನವರಿಗೆ ಹೊಂಡ ಬಂದದ್ದೇ ಗೊತ್ತಾಗುವುದಿಲ್ಲ. ಜಲ್ಲಿಯಲ್ಲಿ ಗಾಡಿ ಬೀಳದೆಯೇ ಹಿಂದಿನವರು ಬಿದ್ದು ಪೆಟ್ಟಾದದ್ದನ್ನು ನಾನು ನೋಡಿದ್ದೇನೆ. ಅಮ್ಮ ನನ್ನ ಹಿಂದೆ ಕೂರುವಾಗ ಈಗ ಚೂಡಿದಾರ ಹಾಕಿ ಎರಡೂ ಬದಿಗೆ ಕಾಲು ಹಾಕಿ ಕೂರುತ್ತಾಳೆ. ಅರವತ್ತು ದಾಟಿದ ಮೇಲೆ ಈ ವೇಷ ಏನು ಎಂದು ಮೊದಲು ನಾಚಿದಳು. ಹೊಂಡ ಬಂದಾಗಲೆಲ್ಲ ನಾನು “ಅಮ್ಮಾ, ಹೊಂಡ” ಎನ್ನುತ್ತೇನೆ, ಅವಳು ಫುಟ್‌ರೆಸ್ಟ್ ತುಳಿದು ಹಗುರಾಗುತ್ತಾಳೆ. ಒಪ್ಪದವರನ್ನು ಕೂರಿಸಿಕೊಂಡರೆ ಕೆಟ್ಟ ತುಂಡು ಬಂದಾಗ ಇಳಿಸಿ, ನಡೆದು ಬರಲು ಹೇಳಿ. ಅದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಲೈಸೆನ್ಸ್ ಕೊಡುವಾಗ ಮಟ್ಟಸ ನೆಲದಲ್ಲಿ ಎಂಟು ಹಾಕಿಸುತ್ತಾರೆ. ಎಂಟು ಹಾಕುವುದು ಒಳ್ಳೆಯದೇ, ಕ್ಲಚ್ಚಿನ ಹದ ಬರುತ್ತದೆ. ಆದರೆ ಈ ಜಿಲ್ಲೆಯಲ್ಲಿ ಲೈಸೆನ್ಸ್ ತಗೊಂಡ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಅದೇ ಸಂಜೆ ಜಲ್ಲಿ ರಸ್ತೆಯಲ್ಲಿ ಮನೆಗೆ ಹೋಗುವವರು. ಅವರಿಗೆ ಜಾರುವುದು ಎಂದರೇನು ಎಂದು ಯಾರೂ ತೋರಿಸಿರುವುದಿಲ್ಲ. ಒಂದು ಟಿಪ್ಪರ್ ಜಲ್ಲಿ, ಒಂದು ಮೈದಾನ, ಒಂದು ಮಧ್ಯಾಹ್ನ ಸಾಕು ಇದನ್ನು ಕಲಿಸಲು. ಯುವಕ ಸಂಘಗಳು, ಸೊಸೈಟಿಗಳು, ಪಂಚಾಯಿತಿಗಳು ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ನಮ್ಮಲ್ಲಿ ಸಣ್ಣದಾಗಿ ಶುರುವಾಗಿದೆ. ಪಕ್ಕದ ಶಾಲೆಯ ಇಬ್ಬರು ಅಕ್ಕೋರು, ಒಬ್ಬರು ಆಶಾ ಕಾರ್ಯಕರ್ತೆ, ಪದವಿ ಓದುವ ಒಬ್ಬಳು ಹುಡುಗಿ ಭಾನುವಾರ ಮೈದಾನಕ್ಕೆ ಬರುತ್ತಾರೆ. ಡೇರಿ ಅಣ್ಣನೂ ಹಾಲು ಹಾಕಿ ಬಂದು ಕಟ್ಟೆಯ ಮೇಲೆ ಕೂತು ಎಲ್ಲರ ಮೊಣಕೈ ನೋಡುತ್ತಾರೆ. ಸದ್ಯಕ್ಕೆ ಹಿಂದಿನ ಬ್ರೇಕಿನ ಪಾಠ ನಡೆಯುತ್ತಿದೆ. ಆಶಾ ಅಕ್ಕನ ಗಾಡಿ ಸಿಬಿಎಸ್ ಇರುವುದರಿಂದ ಅವರು ಒಣ ಮಣ್ಣಿನ ತುದಿಯಲ್ಲಿ, ಮೊದಲ ಗೇರಿನಲ್ಲಿ ಮಾಡುತ್ತಿದ್ದಾರೆ. ಮುಂದಿನ ವಾರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದನ್ನೇ ಮಾಡಬೇಕು. ಹತ್ತಿರದವರು ಯಾರಾದರೂ ಬರುವುದಿದ್ದರೆ ಬನ್ನಿ, ಹೆಲ್ಮೆಟ್ ಮತ್ತು ಶೂ ಇರಲಿ, ಗಾಡಿ ಹಳೆಯದಾದರೂ ನಡೆಯುತ್ತದೆ. ಮೇ ತಿಂಗಳ ಕೊನೆಯವರೆಗೆ ನಡೆಸುತ್ತೇವೆ. ಜೂನ್ ಮೊದಲ ವಾರ ಮಾತ್ರ ರಜೆ, ಆ ವಾರ ನಾನೂ ಗಾಡಿಯನ್ನು ಕ್ರಾಸಿನಲ್ಲೇ ಬಿಟ್ಟು ನಡೆದೇ ಶಾಲೆಗೆ ಹೋಗುತ್ತೇನೆ.